ಸಹಾಯ ಬೇಕು: ಹಳೆಯ ಜೀಪಿನಲ್ಲಿ ಚಾರ್ಮಾಡಿ ಘಾಟಿ

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ನಾವು ನಾಲ್ವರು ಗೆಳೆಯರು ಬೆಂಗಳೂರಿನಿಂದ ಹಾಸನ, ಬೇಲೂರು, ಮೂಡಿಗೆರೆ ದಾಟಿ ಚಾರ್ಮಾಡಿ ಘಾಟಿಯ ಮೂಲಕ ಧರ್ಮಸ್ಥಳಕ್ಕೆ ಹೊರಟಿದ್ದೇವೆ. ವಾಹನ ಗೆಳೆಯನ ತಂದೆಯವರ ಕಾಲದ ಪೆಟ್ರೋಲ್ ಜೀಪು. ನೋಂದಣಿ ನವೀಕರಣ, ವಿಮೆ ಎಲ್ಲವೂ ಸರಿಯಾಗಿವೆ.

ತೊಂದರೆ ಇಷ್ಟೇ: ಬಿಸಿಲಿನಲ್ಲಿ ಏರು ಹತ್ತುವಾಗ ಎಂಜಿನ್ ಉಸಿರು ಕಟ್ಟಿದಂತೆ ನಿಂತುಬಿಡುತ್ತದೆ. ಬಾನೆಟ್ ತೆರೆದು ಅರ್ಧ ಗಂಟೆ ಆರಲು ಬಿಟ್ಟರೆ ಮತ್ತೆ ಹೊರಡುತ್ತದೆ. ರೇಡಿಯೇಟರ್ ನೀರು ಕಡಿಮೆಯಾಗುವುದಿಲ್ಲ, ಫ್ಯಾನ್ ಬೆಲ್ಟ್ ಬಿಗಿಯಾಗಿದೆ, ಕಾರ್ಬ್ಯುರೇಟರ್ ಶುಚಿ ಮಾಡಿಸಿದ್ದೇವೆ. ಪೆಟ್ರೋಲ್ ಕೊಳವೆಯಲ್ಲೇ ಆವಿಯಾಗಿ ಪಂಪ್ ಎಳೆಯಲಾಗುತ್ತಿಲ್ಲ ಎಂಬುದು ನನ್ನ ಅನುಮಾನ. ಎಂಜಿನ್ನಿನ ಬಿಸಿ ಭಾಗದ ಪಕ್ಕದಲ್ಲೇ ಆ ಕೊಳವೆ ಹಾದುಹೋಗಿದೆ. ಅದನ್ನು ದೂರ ಸರಿಸಿದರೆ ಸಾಕೇ, ಅಥವಾ ಸ್ಪಾರ್ಕ್ ಪ್ಲಗ್‌ಗೆ ಕಿಡಿಯ ವಿದ್ಯುತ್ ಒದಗಿಸುವ ಇಗ್ನಿಷನ್ ಕಾಯಿಲ್ ಕೂಡ ಬದಲಿಸಬೇಕೇ? ಬಿಸಿಯಾದಾಗ ಅದೂ ಕೈಕೊಡುತ್ತದೆ ಎಂದು ಕೇಳಿದ್ದೇನೆ.

ಇಳಿಯುವಾಗ ಎರಡನೇ ಗೇರಿನಲ್ಲೇ ಬರುತ್ತೇವೆ, ಡ್ರಮ್ ಬ್ರೇಕ್ ಕಾಯಿಸುವುದಿಲ್ಲ. ನನಗೆ ಭಯವಿರುವುದು ವಾಪಸು ಹತ್ತುವಾಗ. ಆ ತಿರುವುಗಳಲ್ಲಿ ನಿಂತರೆ ಹಿಂದಿನವರಿಗೂ ಅಪಾಯ. ಇನ್ನೊಂದು ದಾರಿಯಾದ ಶಿರಾಡಿ ಘಾಟಿಯಲ್ಲಿ ಲಾರಿಗಳ ಸಾಲು ಹೆಚ್ಚು, ಆದ್ದರಿಂದ ಅತ್ತ ಮನಸ್ಸಿಲ್ಲ.

ಉಜಿರೆ ಅಥವಾ ಕೊಟ್ಟಿಗೆಹಾರದ ಸುತ್ತ ಹಳೆಯ ಜೀಪು ಬಲ್ಲ ಮೆಕ್ಯಾನಿಕ್ ಇದ್ದರೆ ದಯವಿಟ್ಟು ತಿಳಿಸಿ. ಭಾನುವಾರವೂ ಸಿಗುವವರಾದರೆ ಬಹಳ ಉಪಕಾರ.