ಅಪ್‌ಡೇಟ್: ನಮ್ಮ ಮೊದಲ ಅಲ್ಯೂಮಿನಿಯಂ ದೋಣಿ ಬಂತು

ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಮೀನು, ಬಾತುಕೋಳಿ ಬೇಟೆ, ಮನೆಯವರ ಸುತ್ತಾಟ ಮೂರಕ್ಕೂ ಒಂದೇ ದೋಣಿ ಸಾಕಾ ಅಂತ ಕೇಳಿದ್ದೆ. ಚಪ್ಪಟೆ ತಳದ ಜಾನ್ ಬೋಟ್ ಎಂದವರೇ ಜಾಸ್ತಿ. ಜೊಂಡಿನ ನಡುವೆ, ಕಡಿಮೆ ನೀರಿನಲ್ಲಿ ಅದು ಸಲೀಸು, ನಿಜ. ಆದರೆ ನಾವು ಹೆಚ್ಚಾಗಿ ಹೋಗುವುದು ಮಿಲ್ ಲ್ಯಾಕ್ಸ್ ಸರೋವರಕ್ಕೆ. 500 ಚದರ ಕಿ.ಮೀ.ಗೂ ದೊಡ್ಡದು, ಆಳ ಮಾತ್ರ ಹೆಚ್ಚೆಂದರೆ 42 ಅಡಿಯಷ್ಟು. ಗಾಳಿ ಬಂದರೆ ಕಡಿದಾದ ಅಲೆಗಳು ಬೇಗ ಏಳುತ್ತವೆ. ಮಕ್ಕಳನ್ನು ಕೂರಿಸಿಕೊಂಡು ಚಪ್ಪಟೆ ತಳ ಬೇಡ ಅನ್ನಿಸಿತು.

ಕೊನೆಗೆ 16 ಅಡಿಯ, ವಿ ಆಕಾರದ ತಳದ, ಬದಿ ಎತ್ತರವಿರುವ ಲುಂಡ್ ಕಂಪನಿಯ ಹಳೇ ದೋಣಿ ತಗೊಂಡೆವು. ಒಳಗೆ ನೀರು ಸುರಿದು, ತಗಡುಗಳನ್ನು ಜೋಡಿಸುವ ರಿವೆಟ್ ಮೊಳೆಗಳ ಬಳಿ ಸೋರುತ್ತದಾ ಅಂತ ಹೊರಗಿನಿಂದ ನೋಡಿಯೇ ದುಡ್ಡು ಕೊಟ್ಟಿದ್ದು. ಸ್ಟೀರಿಂಗ್ ಇಲ್ಲ, ಮೋಟಾರಿನ ಹಿಡಿಯಲ್ಲೇ ತಿರುಗಿಸುವುದು. ಅದರಿಂದ ಬೇಟೆಯ ಸಾಮಾನಿಗೆ, ನಾಯಿಗೆ ಒಳ್ಳೆ ಜಾಗ ಸಿಕ್ಕಿದೆ. 10 ವರ್ಷದೊಳಗಿನ ಮಕ್ಕಳಿಗೆ ಇಲ್ಲಿ ಲೈಫ್ ಜಾಕೆಟ್ ಕಡ್ಡಾಯ. ನಾವು ದೊಡ್ಡವರೂ ಹಾಕುತ್ತೇವೆ.