ಸಹಾಯ ಬೇಕು: ಪ್ರಿಸಿಷನ್ ಬೇಸಾ, ಜಾಝ್ ಬೇಸಾ?

ತುಮಕೂರಿನ ಬೇಸ್ ಗಿಟಾರ್ ಗೆಳೆಯರಿಗೆ ನಮಸ್ಕಾರ. ನಮ್ಮ ಆರ್ಕೆಸ್ಟ್ರಾಗೆ ಒಂದು ಒಳ್ಳೆಯ ಬೇಸ್ ತಗೊಳ್ಳಬೇಕು. ಪ್ರಿಸಿಷನ್ ಮಾದರಿಯೋ, ಜಾಝ್ ಮಾದರಿಯೋ ಎಂದು ತೀರ್ಮಾನ ಮಾಡಲು ಆಗುತ್ತಿಲ್ಲ.

ಎರಡೂ ಗಿಟಾರ್ ಕಂಪನಿ ಫೆಂಡರ್‌ನವರ ಹಳೇ ವಿನ್ಯಾಸಗಳೇ, 1951ರದ್ದು ಮತ್ತು 1960ರದ್ದು. ಸ್ಕೇಲ್ (ತಂತಿ ಮಿಡಿಯುವ ಭಾಗದ ಉದ್ದ) ಎರಡರದ್ದೂ 34 ಇಂಚು. ಆದರೆ ಜಾಝ್‌ನ ನೆಕ್ (ಕೈ ಹಿಡಿಯುವ ಕತ್ತು) ನಟ್ ಹತ್ತಿರ, ಅಂದರೆ ತುದಿಯಲ್ಲಿ ತಂತಿ ಕೂರುವ ಪಟ್ಟಿಯ ಬಳಿ, ಒಂದೂವರೆ ಇಂಚಷ್ಟೇ ಅಗಲ. ನನ್ನ ಬೆರಳು ಗಿಡ್ಡ, ಮೊದಲ ಫ್ರೆಟ್‌ಗಳಲ್ಲಿ ಅದೇ ಹಾಯೆನಿಸುತ್ತದೆ.

ಸೌಂಡ್ ವಿಷಯಕ್ಕೆ ಬಂದರೆ ಮನಸ್ಸು ಪ್ರಿಸಿಷನ್ ಕಡೆಗೇ ವಾಲುತ್ತದೆ. ಫ್ಲಾಟ್‌ವೌಂಡ್ (ಮೇಲ್ಮೈ ನುಣುಪಾಗಿರುವ) ತಂತಿ ಹಾಕಿ, ಟೋನ್ ಅರ್ಧಕ್ಕೆ ಇಳಿಸಿ ನೋಡಿ. ದಪ್ಪ, ದುಂಡನೆಯ ನಾದ. ಕೀಬೋರ್ಡ್, ರಿದಮ್ ಪ್ಯಾಡ್ ಎಷ್ಟೇ ಜೋರಾಗಿದ್ದರೂ ಹಾಡಿನ ಬುಡ ಅಲುಗುವುದಿಲ್ಲ. ಹಳೇ ಸಿನಿಮಾ ಹಾಡಿಗೆ ಇದೇ ಸರಿ ಅಲ್ವಾ? ಜಾಝ್‌ನಲ್ಲಿ ಎರಡು ಪಿಕಪ್ (ತಂತಿಯ ಕಂಪನ ಹಿಡಿಯುವ ಸಾಧನ) ಇವೆ; ಬ್ರಿಡ್ಜ್ ಕಡೆಯದರ, ಅಂದರೆ ತಂತಿಯ ಕೆಳತುದಿಯ ಕಡೆಯದರ, ವಾಲ್ಯೂಮ್ ಏರಿಸಿದರೆ ಸ್ವರಗಳು ಬಿಡಿಬಿಡಿಯಾಗಿ, ಸ್ವಲ್ಪ ಮೂಗಿನ ದನಿಯಲ್ಲಿ ಕೇಳುತ್ತವೆ. ವೇಗದ ಹಾಡಿಗೆ ಅದೂ ಬೇಕು.

ನನಗಿರುವ ದೊಡ್ಡ ಚಿಂತೆ ಹಮ್, ಅಂದರೆ ಕರೆಂಟಿನ ಗುಂಯ್ ಸದ್ದು. ಜಾಝ್‌ನ ಎರಡು ವಾಲ್ಯೂಮ್ ಸಮ ಇದ್ದರೆ ಹಮ್ ತಗ್ಗುತ್ತದೆ, ಒಂದನ್ನು ಇಳಿಸಿದ ಕೂಡಲೇ ಗುಂಯ್ ಎನ್ನುತ್ತದೆ. ಗಣೇಶನ ಪೆಂಡಾಲ್‌ನಲ್ಲಿ ಸುತ್ತ ಸೀರಿಯಲ್ ಲೈಟು, ಅರ್ಥಿಂಗ್ ದೇವರಿಗೇ ಪ್ರೀತಿ. ಹಮ್ ತಡೆಯಲು ಬೇಸ್ ಒಳಗೆ ತಾಮ್ರದ ಹಾಳೆ ಅಂಟಿಸಿದರೆ ಸಾಕಾ? ಪೆಂಡಾಲ್‌ನಲ್ಲಿ ಜಾಝ್ ನುಡಿಸಿದವರು ದಯವಿಟ್ಟು ಹೇಳಿ. ಸಣ್ಣ ಕೈಯವರು ಪ್ರಿಸಿಷನ್‌ಗೆ ಒಗ್ಗಿಕೊಂಡಿದ್ದೀರಾ?

ತುಮಕೂರು, ಕ್ಯಾತ್ಸಂದ್ರ ಕಡೆ ಯಾರ ಹತ್ತಿರವಾದರೂ ಎರಡೂ ಇದ್ದರೆ ಅರ್ಧ ಗಂಟೆ ನುಡಿಸಿ ನೋಡಲು ಕೊಡಿ. ಭಾನುವಾರ ಯಾವಾಗ ಕರೆದರೂ ಬರುತ್ತೇನೆ.