ಆರನೇ ಕ್ಲಾಸಿನ ಮಗನಿಗೆ ಶಾಲೆಯಲ್ಲಿ ಯಾರೋ ಕಾಟ ಕೊಡುತ್ತಿದ್ದಾರಾ?

ದಾವಣಗೆರೆ_ಅಮ್ಮ:
ಒಂದು ತಿಂಗಳಿಂದ ಸೋಮವಾರ ಬಂದರೆ ಸಾಕು, ಮಗ ಹೊಟ್ಟೆನೋವು ಅನ್ನುತ್ತಾನೆ. ಡಾಕ್ಟರು ನೋಡಿ ಏನೂ ಇಲ್ಲ ಅಂದರು. ಟಿಫನ್ ಡಬ್ಬಿ ಖಾಲಿಯಾಗೇ ಬರುತ್ತದೆ, ಆದರೆ ಮನೆಗೆ ಬಂದ ತಕ್ಷಣ ಎರಡು ತಟ್ಟೆ ಅನ್ನ ಉಣ್ಣುತ್ತಾನೆ. ಜಾಮೆಟ್ರಿ ಬಾಕ್ಸು ಈ ವರ್ಷ ಇದು ಮೂರನೆಯದು. ಕೇಳಿದರೆ "ಕಳೆದುಹೋಯ್ತು", ಅಷ್ಟೇ. ನಮ್ಮ ಯಜಮಾನರು "ಗಂಡುಹುಡುಗ, ತಿರುಗಿಸಿ ಎರಡು ಕೊಡಲಿ" ಅನ್ನುತ್ತಾರೆ. ನನಗ್ಯಾಕೋ ಸರಿ ಅನ್ನಿಸುತ್ತಿಲ್ಲ. ಟೀಚರ್‌ಗೆ ಹೇಳಿದರೆ ಕಾಟ ಇನ್ನೂ ಜಾಸ್ತಿ ಆಗುತ್ತಾ?

ಹಳ್ಳಿ_ಮೇಷ್ಟ್ರು:
ಮೇಡಂ, ಡಬ್ಬಿ ಖಾಲಿ, ಹುಡುಗನಿಗೆ ಹಸಿವು ಅಂದರೆ ಊಟ ಬೇರೆ ಯಾರೋ ತಿನ್ನುತ್ತಿರಬಹುದು ಅಲ್ವಾ. "ಯಾರು ಹೊಡೆದರು ಹೇಳು" ಅಂತ ಪೊಲೀಸರ ಹಾಗೆ ಕೂರಿಸಿ ಕೇಳಬೇಡಿ. ಊಟಕ್ಕೆ ಯಾರ ಪಕ್ಕ ಕೂತೆ, ವ್ಯಾನಲ್ಲಿ ಯಾವ ಸೀಟು, ಹೀಗೆ ಸುಮ್ನೆ ಕೇಳುತ್ತಾ ಹೋಗಿ, ಬಾಯಿ ಬಿಡುತ್ತಾನೆ. ನಿಜ ಹೇಳಬೇಕಂದರೆ ನಮ್ಮ ಕಣ್ಣಿಗೆ ಇದು ಬೀಳುವುದೇ ಕಡಿಮೆ, ಎಲ್ಲ ನಡೆಯುವುದು ಟಾಯ್ಲೆಟ್ ಹತ್ತಿರ, ಮೆಟ್ಟಿಲಲ್ಲಿ, ವ್ಯಾನಲ್ಲಿ. ಟೀಚರ್‌ಗೆ ಖಂಡಿತ ಹೇಳಿ. ಆದರೆ ಇಬ್ಬರನ್ನೂ ಕ್ಲಾಸಿನ ಮುಂದೆ ನಿಲ್ಲಿಸಿ "ಸಾರಿ ಕೇಳು" ಅನ್ನಿಸುವುದು ಬೇಡ ಅಂತ ಮೊದಲೇ ಹೇಳಿಬಿಡಿ, ಜಾಸ್ತಿ ಆಗುವುದು ಅಲ್ಲೇ.

ಇಬ್ಬರು_ಮಕ್ಕಳ_ಅಪ್ಪ:
ನಮ್ಮ ಮಗಳಿಗೆ ಬಣ್ಣ ಹಿಡಿದು ಅಡ್ಡಹೆಸರು ಇಟ್ಟಿದ್ದರು. ಎರಡು ಸಲ ಬಾಯಲ್ಲಿ ಹೇಳಿದೆ, "ಮಕ್ಕಳಾಟ ಬಿಡಿ ಸಾರ್" ಅಂದರು. ಮೂರನೇ ಸಲ ಯಾವ ದಿನ, ಎಲ್ಲಿ, ಏನಾಯಿತು ಅಂತ ಬರೆದು ಹೆಡ್‌ಮಿಸ್‌ಗೆ ಕೊಟ್ಟೆ, ಇನ್ನೊಂದು ಕಾಪಿಗೆ ಸೀಲು ಹಾಕಿಸಿಕೊಂಡೆ. ಮರುದಿನವೇ ಫೋನ್ ಬಂತು! ಅಲ್ಲಿ ಕೇಳದಿದ್ದರೆ ಅದೇ ಕಾಪಿ ಹಿಡಿದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಹೋಗಿ. ಅದೂ ಆಗದಿದ್ದರೆ ಬೆಂಗಳೂರಿನ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಬರೆಯಬಹುದು. 1098 ಮಕ್ಕಳ ಸಹಾಯವಾಣಿ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಮಗುವೇ ಫೋನ್ ಮಾಡಬಹುದು. ಕೆಟ್ಟದಾಗಿ ಮೈ ಮುಟ್ಟಿದ ವಿಷಯ ಏನಾದರೂ ಇದ್ದರೆ ಮಾತ್ರ ಶಾಲೆ ಏನು ಮಾಡುತ್ತದೋ ಅಂತ ಕಾಯಬೇಡಿ. ಅದು ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಕಾಯ್ದೆಗೆ ಬರುತ್ತದೆ, ನೇರ ಪೊಲೀಸರಿಗೆ ಹೇಳಿ.

ದಾವಣಗೆರೆ_ಅಮ್ಮ:
ಮೇಷ್ಟ್ರೇ, ನೀವು ಹೇಳಿದ ಹಾಗೇ ಕೇಳಿದೆ. ವ್ಯಾನಿನ ಹಿಂದಿನ ಸೀಟು, ಎಂಟನೇ ಕ್ಲಾಸಿನ ಇಬ್ಬರು. ಡಬ್ಬಿ ಕೊಡದಿದ್ದರೆ ಬ್ಯಾಗು ಕಿಟಕಿಯಿಂದ ಆಚೆ ಹಿಡಿಯುತ್ತಾರಂತೆ. ಅರ್ಜಿ ಬರೆಯುತ್ತಿದ್ದೇವೆ, ಯಜಮಾನರೇ ಪೆನ್ನು ಹಿಡಿದು ಕೂತಿದ್ದಾರೆ.